ಉಣ್ಣುತ್ತಿದೆ, ಎಬ್ಬಿಸಬೇಡಿ

ಅವರ ಬಲಭುಜ ಎಡಭುಜಕ್ಕಿಂತ ತುಸು ಮೇಲಿತ್ತು. ಮೊದಲ ಸಲ ನೋಡಿದವರಿಗೆ, ಯಾರೋ ಏನೋ ಕೇಳಿದ್ದಕ್ಕೆ 'ನನಗೇನು ಗೊತ್ತು' ಎಂದು ಭುಜ ಕುಣಿಸಹೊರಟು ಅರ್ಧಕ್ಕೇ ಬಿಟ್ಟವರಂತೆ ಕಾಣುತ್ತಿದ್ದರು. ಸಂಗತಿ ಬೇರೆಯೇ ಇತ್ತು. ದಿನ ತುಂಬುವ ಮೊದಲೇ ಹುಟ್ಟಿದ, ಚೀಪುವುದಕ್ಕೂ ತ್ರಾಣವಿಲ್ಲದ, ಅಂಗೈಯಲ್ಲಿ ಹಿಡಿಸುವಷ್ಟೇ ಇರುವ ಕೂಸುಗಳಿಗೆ ಹಾಲುಣಿಸುವುದು ಅವರ ಕಸುಬು. ಮೂಗಿನಿಂದ ಹೊಟ್ಟೆಯವರೆಗೆ ಇಳಿಸಿದ ಎಳೆಯಂಥ ನಳಿಕೆಗೆ ಸಿರಿಂಜಿನ ಬರಿಯ ಕೊಳವೆಯನ್ನು ಸಿಕ್ಕಿಸಿ, ಒಳಗಿನ ದಂಟನ್ನು ತೆಗೆದು ಬದಿಗಿಟ್ಟು, ಕೊಳವೆಯನ್ನು ಮಗುವಿನ ಮೇಲೆ ಒಂದು ಗೇಣಿನೆತ್ತರಕ್ಕೆ ಎತ್ತಿ ಹಿಡಿದು, ಹಾಲು ತನ್ನ ಭಾರಕ್ಕೆ ತಾನೇ ಇಳಿಯುವ ತನಕ ಕಾಯಬೇಕು. ಒತ್ತುವಂತಿಲ್ಲ, ಅಲುಗಿಸುವಂತಿಲ್ಲ, ಕೈ ಸೋತಿತೆಂದು ಕೆಳಗಿಳಿಸುವಂತಿಲ್ಲ. ಒಂದು ಕೂಸಿನದು ಮುಗಿಯಿತೆನ್ನುವಾಗ ಇನ್ನೊಂದರ ಹೊತ್ತಾಗಿರುತ್ತಿತ್ತು. ಹೀಗೆ ವರ್ಷಗಟ್ಟಲೆ ಎತ್ತಿ ಹಿಡಿದು ಆ ಭುಜ ಕೆಳಗಿಳಿಯುವುದನ್ನೇ ಮರೆತಿತ್ತು.

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ನಿಧಾನಕ್ಕ ಎನ್ನುತ್ತಿದ್ದರು. ಹಿಂದಿನಿಂದ ಆಡಿಕೊಳ್ಳಲೆಂದು ಯಾರೋ ಇಟ್ಟ ಹೆಸರು, ಕಾಲಕ್ರಮೇಣ ಎದುರಿನಿಂದ ಕರೆಯುವ ಹೆಸರಾಯಿತು, ಕೊನೆಗೆ ಅವರೇ ಫೋನೆತ್ತಿ "ಹಲೋ, ನಿಧಾನಕ್ಕ ಮಾತಾಡ್ತಿರೋದು" ಎನ್ನುವ ಮಟ್ಟಕ್ಕೆ ಬಂತು. ತುಂಬಿದ ಬಿಂದಿಗೆ ಹೊತ್ತವರಂತೆ ನಡೆಯುತ್ತಿದ್ದರು. ಕೈಯಲ್ಲಿ ಏನಿಲ್ಲದಾಗಲೂ ಅದೇ ನಡಿಗೆ. ಅವರು ತಲುಪುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡುಬಿಡುತ್ತಿತ್ತು, ಅವರು ಅದಕ್ಕೆ ಕಿಂಚಿತ್ತೂ ಬೇಸರಿಸದೆ ಮೆಟ್ಟಿಲಿನತ್ತ ತಿರುಗುತ್ತಿದ್ದರು. ಅವರ ಗಂಡ ಬಸ್ ಓಡಿಸುವವರು. "ಊರಿನವರನ್ನೆಲ್ಲ ಹತ್ತಿಸ್ಕೊಂಡಿದೀನಿ, ಕಟ್ಕೊಂಡವಳನ್ನ ಮಾತ್ರ ಒಂದು ದಿನವೂ ಹತ್ತಿಸ್ಕೊಳ್ಳೋಕೆ ಆಗಿಲ್ಲ" ಎಂದು ಆ ಮಹಾನುಭಾವರು ಹೇಳಿದರೆಂಬ ಮಾತು ವಾರ್ಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿತ್ತು. ಒಮ್ಮೆ ಬೆಂಕಿಯ ಅಣಕು ತಾಲೀಮು ನಡೆದಾಗ ಗಂಟೆ ಬಾರಿಸಿದ್ದೇ ತಡ ಇಡೀ ಸಿಬ್ಬಂದಿ ಅಂಗಳಕ್ಕೆ ಇಳಿದರೂ ಒಂದು ತಲೆ ಕಮ್ಮಿ ಬಿತ್ತು. ಮೇಲೆ ಹೋಗಿ ನೋಡಿದರೆ ಇವರು ಕೈ ಎತ್ತಿ ನಿಂತಿದ್ದರು. ಅಧಿಕಾರಿ ಸಿಡಿಮಿಡಿಗೊಂಡು ಕೇಳಿದ್ದಕ್ಕೆ, ಹಾಲಿನ ಮಟ್ಟದಿಂದ ಕಣ್ಣು ಕೀಳದೆ, "ಬೆಂಕಿ ಸುಳ್ಳು ಸಾರ್, ಹಸಿವು ನಿಜ" ಎಂದರಂತೆ.

ಬಿಳಿ ಸಮವಸ್ತ್ರದ ಮೇಲೆ ಕಡುನೀಲಿ ಉಣ್ಣೆಯ ಸ್ವೆಟರೊಂದು ಸದಾ ಇರುತ್ತಿತ್ತು. ಮೊಣಕೈ ಬಳಿ ಬೇರೆ ನೀಲಿಯ ದಾರದಲ್ಲಿ ರಫೂ ಮಾಡಿದ್ದು, ಗುಂಡಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ್ದು. ಅದರ ಎರಡೂ ಜೇಬುಗಳು ಮುಷ್ಟಿಯ ಆಕಾರಕ್ಕೇ ಜೋತುಬಿದ್ದಿದ್ದವು. ಯಾವ ಮಗುವನ್ನಾದರೂ ಮುಟ್ಟುವ ಮುಂಚೆ, ಕೈ ತೊಳೆದು ಒರೆಸಿ, ಆ ಜೇಬುಗಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವುದು ಅವರ ರೂಢಿ. ಬೇರೆಯವರು ಆಕ್ಷೇಪಿಸಿದ್ದಕ್ಕೆ ಸ್ವೆಟರಿನ ಜೇಬಿನೊಳಗೆ ಪ್ರತಿದಿನ ಒಗೆದ ಬಟ್ಟೆಯ ಚೀಲ ಹೊಲಿದುಕೊಂಡರೇ ಹೊರತು ಆ ರೂಢಿಯನ್ನು ಬಿಡಲಿಲ್ಲ. "ಹೊರಗಡೆ ಬಂದಿದ್ದೇ ತಪ್ಪಾಯ್ತೇನೋ ಅಂತ ಅದಕ್ಕೆ ಅನ್ನಿಸಬಾರದು ನೋಡಿ" ಎನ್ನುತ್ತಿದ್ದರು. ಮತ್ತೆ ಎಲ್ಲ ಮಾತಿನ ಕೊನೆಗೂ ಅವರದೊಂದು ಬಾಲ ಇರುತ್ತಿತ್ತು: "ಆಗ್ಲಿ, ಅದರ ಪಾಡಿಗೆ." ಎಚ್ಚರವಾಗದ ಮಗುವಿಗೂ ಅದೇ, ಬಿಸಿಯಾಗದ ನೀರಿಗೂ ಅದೇ, ಬರಬೇಕಾದ ವೈದ್ಯರಿಗೂ ಅದೇ.

ಇಂಥವರ ಕೈಗೆ ತನ್ನ ಮಗುವನ್ನು ಒಪ್ಪಿಸಬೇಕಾಗಿ ಬಂದವಳು, ಲೋಕದಲ್ಲಿ ಬೇರೆ ಯಾರೂ ಸಿಗಲಿಲ್ಲವೋ ಎಂಬಂತೆ, ನ್ಯಾಯಾಲಯದ ಶೀಘ್ರಲಿಪಿಗಾರ್ತಿಯೇ ಆಗಿದ್ದಳು. ಇಬ್ಬರು ವಕೀಲರು ಒಬ್ಬರ ಮೇಲೊಬ್ಬರು ಬಿದ್ದು ವಾದಿಸಿದರೂ ಇಬ್ಬರ ಮಾತನ್ನೂ ಒಂದಕ್ಷರ ಬಿಡದೆ ಪೆನ್ಸಿಲಿನಲ್ಲಿ ಹಿಡಿದುಹಾಕಬಲ್ಲವಳು. ಕೇಳಿದ್ದನ್ನು ಕೇಳಿದಂತೆ ಬರೆಯುವುದು ಅವಳ ಕೆಲಸ. ಯಾಕೆ ಅಂದರು, ಯಾರ ಬಗ್ಗೆ ಅಂದರು ಎಂಬುದು ನ್ಯಾಯಾಧೀಶರಿಗೆ ಬಿಟ್ಟ ವಿಚಾರ. ಮನೆಯಲ್ಲೂ ಅದೇ ವೇಗ. ಎದುರಿನವರು ಬಾಯಿ ತೆರೆಯುವುದರೊಳಗೆ ಇವಳ ಉತ್ತರ ತಯಾರು. ಮಗು ದಿನ ತುಂಬದೆ ಹುಟ್ಟಿದಾಗ, "ನಿನ್ನ ಹೊಟ್ಟೇಲಿದ್ದದ್ದಕ್ಕೆ ತಾಳ್ಮೆ ಎಲ್ಲಿಂದ ಬರಬೇಕು ಹೇಳು" ಎಂದು ಅವಳ ಗಂಡ ನಗಿಸಲು ನೋಡಿದ. ನಗಿಸಲಾಗದೆ, ತನ್ನ ಮಾತು ತನಗೇ ತಡೆಯಲಾಗದೆ, ಕಿಟಕಿಯತ್ತ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡ.

ಮಗುವನ್ನು ಮೇಲಿನ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಬಾಣಂತಿಗೆ ಹೆರಿಗೆಯಾದ ಮೇಲೆ ಜ್ವರ ಹತ್ತಿತು. ಜ್ವರ ಇಳಿದು, ವೈದ್ಯೆ ಒಪ್ಪುವ ತನಕ ಮೇಲೆ ಕಾಲಿಡುವ ಹಾಗಿಲ್ಲವೆಂದು ಕಟ್ಟಪ್ಪಣೆಯಾಯಿತು. ಅವಳು ಹಿಂಡಿ ಕೊಟ್ಟ ಹಾಲು ಪುಟ್ಟ ಲೋಟದಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿತ್ತು. ತನ್ನ ಹಾಲಿಗಿರುವ ಪರವಾನಗಿ ತನಗಿಲ್ಲವಲ್ಲ ಎಂದು ಅವಳು ಹಾಲು ಒಯ್ಯುವವರ ಬೆನ್ನನ್ನೇ ನೋಡುತ್ತ ಕೂರುತ್ತಿದ್ದಳು. ಆ ಹಾಲು ಮಗುವಿಗೆ ಒಗ್ಗುತ್ತದೆಯೇ, ಅದು ಉಳಿಯುತ್ತದೆಯೇ? ಎರಡೇ ಪ್ರಶ್ನೆಗಳು, ಮಿಕ್ಕದ್ದೆಲ್ಲ ಅವಳ ಪಾಲಿಗೆ ಗದ್ದಲವಾಗಿತ್ತು.

ತಾಯಿಗೂ ಮಗುವಿಗೂ ನಡುವೆ ಇದ್ದ ಒಂದೇ ಒಂದು ಸೇತುವೆಯೆಂದರೆ ಮಕ್ಕಳ ಕೋಣೆಯ ಟ್ಯಾಬ್. ಸೋಂಕಿನ ಭಯಕ್ಕೆ ಸಿಬ್ಬಂದಿಯ ಫೋನುಗಳನ್ನು ಅಲ್ಲಿ ಒಳಗೆ ಬಿಡುತ್ತಿರಲಿಲ್ಲ; ಕೋಣೆಯಲ್ಲೇ ಇರುವ, ದಿನಾ ಒರೆಸಿ ಶುದ್ಧ ಮಾಡುವ ಟ್ಯಾಬಿನಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗುವನ್ನು ತೋರಿಸುತ್ತಿದ್ದರು, ಕೆಳಗೆ ತಾಯಂದಿರು ತಮ್ಮ ಫೋನಿನಲ್ಲಿ ನೋಡಿಕೊಳ್ಳುತ್ತಿದ್ದರು. ಹಳೆಯ ಟ್ಯಾಬ್ ಪುಟ್ಟದು. ಆ ಕಡೆ ಈ ಕಡೆ ನೋಡುವುದರೊಳಗೆ ಚಾರ್ಜ್ ಆಗುತ್ತಿತ್ತು, ಅಷ್ಟೇ ಬೇಗ ಖಾಲಿಯೂ ಆಗುತ್ತಿತ್ತು. ಆಗಷ್ಟೇ ಅದರ ಜಾಗಕ್ಕೆ ಹೊಸದು ಬಂದಿತ್ತು: ಅಗಲವಾದ ಪರದೆ, ಭಾರಿ ಸಾಮರ್ಥ್ಯದ ಬ್ಯಾಟರಿ, ಒಮ್ಮೆ ತುಂಬಿದರೆ ಎರಡು ದಿನ ತಿರುಗಿ ನೋಡಬೇಕಿಲ್ಲವೆಂಬ ಆಶ್ವಾಸನೆ. ಬಂದ ದಿನ ದಾದಿಯರೆಲ್ಲ ಸುತ್ತ ನೆರೆದು ಮದುಮಗಳನ್ನು ನೋಡುವಂತೆ ನೋಡಿದರು. ಆಮೇಲೆ ಗೊತ್ತಾಯಿತು, ಎರಡು ದಿನ ಬಾಳುವುದಿರಲಿ, ಅದು ತುಂಬುವುದಕ್ಕೇ ಒಂದು ದಿನ ಬೇಕು. ಬೆಳಗ್ಗೆ ಸಿಕ್ಕಿಸಿದರೆ ಮಧ್ಯಾಹ್ನಕ್ಕೂ ಅರ್ಧಕ್ಕೆ ಬಂದಿರುತ್ತಿರಲಿಲ್ಲ. ತಾಯಂದಿರು ಕಾಯುತ್ತಿದ್ದಾರೆಂದು ಅಷ್ಟಕ್ಕೇ ಕಿತ್ತುಕೊಂಡು ಬಳಸಿದರೆ ಮೂರನೆಯ ಮಗುವಿನ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು.

"ಹೊಟ್ಟೆ ನೋಡಿದ್ರೆ ಇಷ್ಟಗಲ, ಗಂಟಲು ನೋಡಿದ್ರೆ ಇಷ್ಟೇ" ಎಂದು ಹೊಸದಾಗಿ ಸೇರಿದ್ದ ಕಿರಿಯ ದಾದಿ ರೇಗಿದಳು.

"ಬೈಬೇಡ್ವೇ" ಎಂದರು ನಿಧಾನಕ್ಕ. "ನಿಧಾನವಾಗಿ ಉಣ್ಣೋದು ಕಕ್ಕೋದಿಲ್ಲ. ಆಗ್ಲಿ, ಅದರ ಪಾಡಿಗೆ."

ಅಂದಿನಿಂದ ಟ್ಯಾಬಿನ ಪಾಲನೆಯನ್ನು ಅವರೇ ವಹಿಸಿಕೊಂಡರು. ಒಗೆದ ಬಟ್ಟೆಗಳನ್ನಿಡುವ ಕಪಾಟಿನ ಕೆಳತಟ್ಟಿನಲ್ಲಿ ಮೆತ್ತನೆಯ ಫ್ಲಾನೆಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಟ್ಯಾಬನ್ನು ಮಲಗಿಸಿ, ವೈರನ್ನು ಎಳೆಯದಂತೆ ಜಗ್ಗದಂತೆ ಒಂದು ಸುತ್ತು ಕೊಟ್ಟು ಸಿಕ್ಕಿಸಿ, ಮೇಲಿಂದ ಇನ್ನೊಂದು ಫ್ಲಾನೆಲನ್ನು ಕುತ್ತಿಗೆಯವರೆಗೆ ಹೊದಿಸಿದರು. ಟ್ಯಾಬಿಗೆ ಕುತ್ತಿಗೆಯೆಲ್ಲಿ ಎಂದು ಕೇಳಬೇಡಿ, ಅವರು ಹೊದಿಸಿದ ರೀತಿ ನೋಡಿದರೆ ಇದ್ದಂತೆಯೇ ತೋರುತ್ತಿತ್ತು. ಯಾರಾದರೂ ಎಷ್ಟಾಗಿದೆ ನೋಡೋಣವೆಂದು ಕೈ ಹಾಕಿದರೆ, ಕೂಸುಗಳ ವಿಷಯದಲ್ಲಿ ಹೇಳುವ ದನಿಯಲ್ಲೇ, "ಉಣ್ಣುತ್ತಿದೆ, ಎಬ್ಬಿಸಬೇಡಿ" ಎನ್ನುತ್ತಿದ್ದರು. ಮೊದಮೊದಲು ನಕ್ಕರು, ಆಮೇಲೆ ಕೋಣೆಯ ಮಾತೇ ಅದಾಯಿತು. "ಅಕ್ಕ, ಅದು ಉಂಡಿತಾ?" "ಇನ್ನೂ ಅರ್ಧ ಹೊಟ್ಟೆ ಕಣೇ." "ಬೆಳಗ್ಗೆ ಯಾರೋ ಉಣ್ಣೋಕೇ ಹಾಕಿಲ್ಲ ಅದನ್ನ." ನಮ್ಮ ಮಾತಿನ ಸೊಗಸೋ ಸಂಕಟವೋ ಕಾಣೆ, ಮಗುವಿಗೂ 'ಅದು', ಯಂತ್ರಕ್ಕೂ 'ಅದು', ಹಾಲು ಕುಡಿದರೂ ಉಣ್ಣುವುದೇ, ಅನ್ನ ತಿಂದರೂ ಉಣ್ಣುವುದೇ, ಇನ್ನು ಕರೆಂಟು ಕುಡಿದರೆ ಬೇರೆ ಪದವೇಕೆಂದು ಅವರಿಗೆ ಅನಿಸಿರಬೇಕು. ಆದರೆ ಕೆಳಗಿನ ತಾಯಂದಿರಿಗೆ ಈ ಪರಿಭಾಷೆಯ ಗಂಧಗಾಳಿಯೂ ಇರಲಿಲ್ಲ.

ಶೀಘ್ರಲಿಪಿಗಾರ್ತಿಯ ಪಾಲಿಗೆ ನಿಧಾನಕ್ಕ ಎಂದರೆ ಒಂದು ನೀಲಿ ತೋಳಿನ ಅಂಚು, ಒಂದು ಹೆಬ್ಬೆರಳು, ಒಂದು ದನಿ, ಅಷ್ಟೇ. ಅವರ ಮುಖವನ್ನು ಅವಳು ನೋಡಿರಲೇ ಇಲ್ಲ. ಟ್ಯಾಬನ್ನು ಗಾಜಿನ ಪೆಟ್ಟಿಗೆಯ ಮೇಲೆ ಹಿಡಿದು ಅವರು ಮಗುವಿನ ಪಾದದಿಂದ ಆರಂಭಿಸುತ್ತಿದ್ದರು. ಅವರೆಕಾಳಿನಷ್ಟಿರುವ ಹೆಬ್ಬೆರಳು, ಸುಕ್ಕುಸುಕ್ಕಾದ ಮಂಡಿ, ಉಸಿರಿಗೆ ಏರಿಳಿಯುವ ಹೊಟ್ಟೆ, ಹೀಗೆ ಊರ ಪ್ರದಕ್ಷಿಣೆ ಹಾಕಿಕೊಂಡು ಮೇಲೆ ಬರುವಷ್ಟರಲ್ಲಿ ಇವಳ ಜೀವ ಬಾಯಿಗೆ ಬರುತ್ತಿತ್ತು.

"ಮುಖ ತೋರ್ಸಿ ಸಿಸ್ಟರ್, ಮುಖ!"

"ಬರ್ತಿದೀನಿ ತಾಯಿ, ಕಾಲಿಂದ ಹೊರಟಿದೀನಲ್ಲ."

ಒಂದು ಸಂಜೆ ಹಾಗೆ ಬಂದು ಬಂದು ಗಲ್ಲದ ಬಳಿ ತಲುಪಿದರು, ಮಗು ಆಕಳಿಸಲು ಬಾಯಿ ತೆರೆಯಿತು, ಅಷ್ಟಕ್ಕೇ ಪರದೆ ಕಪ್ಪಾಯಿತು. ಆ ಅರ್ಧ ಆಕಳಿಕೆಯನ್ನು ನೆನೆದು ಅವಳು ಊಟ ಬಿಟ್ಟಳು. ಟ್ಯಾಬ್ ಮಾಡಿದವರನ್ನೂ ತರಿಸಿದವರನ್ನೂ ಹಿಡಿದುಕೊಂಡವರನ್ನೂ ಒಟ್ಟಿಗೇ ಗಂಡನ ಮುಂದೆ ನಿಲ್ಲಿಸಿ ತರಾಟೆಗೆ ತೆಗೆದುಕೊಂಡಳು. "ಆ ಯಮ್ಮ ಮುಖದಿಂದ ಶುರು ಮಾಡಿದ್ರೆ ಗಂಟೇನು ಹೋಗುತ್ತೆ? ಬೇಕಂತಲೇ ಮಾಡ್ತಾರೆ." ಪಾಪ, ಗಂಡ ಆಕಳಿಕೆ ಬಂದರೂ ಅವಳೆದುರು ಅದುಮಿಕೊಂಡು ಕುಳಿತ.

ಇದಾದ ಕೆಲವು ದಿನಕ್ಕೆ ಅವಳ ಜ್ವರ ಇಳಿಯಿತು. ಮೇಲೆ ಹೋಗಲು ವೈದ್ಯೆಯ ಒಪ್ಪಿಗೆಯೊಂದು ಬಾಕಿ ಇತ್ತು. ಆ ಬೆಳಗ್ಗೆ ಟ್ಯಾಬಿನ ಕರೆ ಬರಲೇ ಇಲ್ಲ. ಈಗ ಬಂದೀತು, ಆಗ ಬಂದೀತು ಎಂದು ಕಾದು ಸಾಕಾಗಿ, ಮಧ್ಯಾಹ್ನ ಮಕ್ಕಳ ಕೋಣೆಯ ಮೇಜಿನ ಫೋನಿಗೆ ತಾನೇ ಕರೆ ಮಾಡಿದಳು. ಕಿರಿಯ ದಾದಿ ಎತ್ತಿ, "ಒಂದ್ನಿಮಿಷ ಇರಿ, ಅಕ್ಕನ್ನ ಕೇಳಿ ಹೇಳ್ತೀನಿ" ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೋದಳು. ದೂರದಿಂದ ಆ ಪರಿಚಿತ ದನಿ ಕೇಳಿಸಿತು. ಎಂದಿನ ಸಮಾಧಾನ ಅದರಲ್ಲಿರಲಿಲ್ಲ.

"ಏನಂತ ಹೇಳ್ಲಿ ಅವಳಿಗೆ? ಬೆಳಗ್ಗೆಯಿಂದ ಅದು ಉಣ್ತಾನೇ ಇಲ್ಲ ಕಣೇ. ಬೆಚ್ಚಗೆ ಹೊದಿಸಿ ಮಲಗಿಸಿದೀನಿ, ಆದ್ರೂ ಇಲ್ಲ. ಮೈ ಬೇರೆ ಸುಡ್ತಿದೆ. ಹೀಗೇ ಆದ್ರೆ ಸಂಜೆಯೊಳಗೆ ಆರಿಹೋಗುತ್ತೆ."

ಶೀಘ್ರಲಿಪಿಗಾರ್ತಿ ಒಂದಕ್ಷರವನ್ನೂ ತಪ್ಪಾಗಿ ಕೇಳಲಿಲ್ಲ. ಅಷ್ಟೂ ಮಾತು, ಅಲ್ಪವಿರಾಮ ಸಹಿತ, ಅವಳ ತಲೆಯಲ್ಲಿ ಅಚ್ಚಾಯಿತು. ಫೋನನ್ನು ಹಾಸಿಗೆಯ ಮೇಲೆ ಬಿಟ್ಟಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದರಲ್ಲಿ ಗೋಡೆ ಹಿಡಿದು ಎದ್ದಳು. ಲಿಫ್ಟಿಗೆ ಕಾಯುವ ವ್ಯವಧಾನ ಅವಳಿಗೆ ಮೊದಲೇ ಇರಲಿಲ್ಲ, ಆಗ ಇನ್ನೆಲ್ಲಿಂದ ಬರಬೇಕು, ಮೆಟ್ಟಿಲು ಹತ್ತಿದಳು. ಪ್ರತಿ ಮೆಟ್ಟಿಲಿಗೂ ಹೊಲಿಗೆ ಸೆಳೆಯಿತು. ಉಣ್ತಾನೇ ಇಲ್ಲ, ಮೈ ಸುಡ್ತಿದೆ, ಆರಿಹೋಗುತ್ತೆ. ತಾನು ಕಳಿಸಿದ ಹಾಲೇ ಒಗ್ಗಲಿಲ್ಲವೇನೋ, ತನ್ನ ಜ್ವರವೇ ಹಾಲಿನೊಂದಿಗೆ ಮೇಲೆ ಹತ್ತಿತೇನೋ ಎಂಬ ಯೋಚನೆ ನಡುವೆ ಅಡ್ಡ ಬಂತು. ಆದರೂ ಹತ್ತಿದಳು.

ಮಕ್ಕಳ ಕೋಣೆಯ ಗಾಜಿನ ಬಾಗಿಲ ಹೊರಗೆ, ಚಪ್ಪಲಿಯಿಲ್ಲದೆ, ಕೂದಲು ಕೆದರಿ, ಬಿಳುಚಿಕೊಂಡು ನಿಂತ ಬಾಣಂತಿಯನ್ನು ಒಳಗಿನಿಂದ ನಿಧಾನಕ್ಕ ಕಂಡರು. ಆಗ ನಡೆದದ್ದನ್ನು ಕಿರಿಯ ದಾದಿ ಇವತ್ತಿಗೂ ಹೊಸಬರಿಗೆಲ್ಲ ಕಣ್ಣರಳಿಸಿ ಹೇಳುತ್ತಾಳೆ: ನಿಧಾನಕ್ಕ ಓಡಿದರು. ಸ್ವೆಟರಿನ ಎರಡೂ ಪಕ್ಕಗಳು ಹಾರಾಡುವಂತೆ, ತುಂಬಿದ ಬಿಂದಿಗೆಯನ್ನು ಎತ್ತಲೋ ಎಸೆದವರಂತೆ ಓಡಿ ಬಂದು, ಅವಳು ನೆಲಕ್ಕೆ ಬೀಳುವ ಮೊದಲೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈಗಳು ಬೆಚ್ಚಗಿದ್ದವೆಂಬುದು ಬಾಣಂತಿಗೆ ಆ ಗಾಬರಿಯಲ್ಲೂ ಗೊತ್ತಾಯಿತು.

"ಏನಾಯ್ತು ತಾಯಿ? ಮೊದಲು ಉಸಿರು ತಗೋ. ಏನಾಯ್ತು?"

ಅವಳು ಹೇಳಿದಳು. ಬಿಕ್ಕುತ್ತಲೇ, ಸಾಕ್ಷಿಯ ಹೇಳಿಕೆ ಓದಿ ಹೇಳುವಂತೆ, ಕೇಳಿದ್ದೆಲ್ಲವನ್ನೂ ಪದಶಃ ಒಪ್ಪಿಸಿದಳು: ಅದು ಉಣ್ತಾನೇ ಇಲ್ಲ ಕಣೇ, ಬೆಚ್ಚಗೆ ಹೊದಿಸಿ ಮಲಗಿಸಿದೀನಿ, ಮೈ ಬೇರೆ ಸುಡ್ತಿದೆ. ಮೊದಲೆರಡು ವಾಕ್ಯಕ್ಕೆ ನಿಧಾನಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಮೂರನೆಯದಕ್ಕೆ ತಿಳಿಯಿತು. ಅವರ ಮುಖದ ಬಣ್ಣ ಇಳಿದುಹೋಯಿತು.

"ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ! ಅದು ಟ್ಯಾಬ್ ತಾಯಿ, ಟ್ಯಾಬು! ನಿನ್ನ ಮಗು ಚೆನ್ನಾಗಿ ಉಂಡು ಮಲಗಿದೆ. ನೋಡಿಲ್ಲಿ, ನೋಡು."

ಅವರು ನಗಲಿಲ್ಲ. ಹಿಂದೆ ನಿಂತಿದ್ದ ಕಿರಿಯ ದಾದಿಗೆ ನಗು ಉಕ್ಕಿ ಬರುತ್ತಿದ್ದರೂ ಅವರ ಕಣ್ಣು ನೋಡಿ ನುಂಗಿಕೊಂಡಳು. ಬಾಣಂತಿ ಮಾತ್ರ ಅತ್ತಳು, ಅಳುವಾಗಲೇ ನಕ್ಕಳು, ಟ್ಯಾಬೇ, ಟ್ಯಾಬೇ ಎಂದು ಎರಡು ಸಲ ಕೇಳಿದಳು, ಮತ್ತೆ ಅತ್ತಳು. ನಿಧಾನಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ತಾವೇ ವೈದ್ಯೆಯ ಕೋಣೆಗೆ ಹೋದರು. ಅಲ್ಲಿ ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ. ವೈದ್ಯೆ ಹೊರಬಂದು ಹೊಲಿಗೆ ನೋಡಿ, ಜ್ವರ ನೋಡಿ, ಸುಳ್ಳುಕೋಪದಲ್ಲಿ, "ಹತ್ತಿ ಬಂದಾಯ್ತಲ್ಲ, ಇನ್ನು ಇಳಿಸಿ ಏನ್ಮಾಡೋದು. ಕೈ ತೊಳೆಸಿ ಕೂರಿಸಿ, ಸ್ವಲ್ಪ ಹೊತ್ತು" ಎಂದರು.

ಅದು ಮಗುವಿನ ಹಾಲಿನ ಹೊತ್ತೂ ಆಗಿತ್ತು. ಕೈ ತೊಳೆಸಿ ಒರೆಸಿದ ಮೇಲೂ ಬಾಣಂತಿಯ ಬೆರಳುಗಳು ಹಿಮದಂತಿದ್ದವು. ನಿಧಾನಕ್ಕ ಅವುಗಳನ್ನು ಹಿಡಿದು ತಮ್ಮ ಸ್ವೆಟರಿನ ಜೇಬಿನಲ್ಲಿ ತುರುಕಿ, ಹೊರಗಿನಿಂದ ತಮ್ಮ ಅಂಗೈ ಇಟ್ಟು ಅದುಮಿ ನಿಂತರು. ಇಷ್ಟು ದಿನ ತೋಳಿನ ಅಂಚಾಗಿದ್ದ ವ್ಯಕ್ತಿಯನ್ನು ಅವಳು ಮೊದಲ ಸಲ ಹತ್ತಿರದಿಂದ ನೋಡಿದಳು. ಎತ್ತರದ ಭುಜ, ರಫೂ ಮಾಡಿದ ಮೊಣಕೈ, ಹಣೆಯ ಮೇಲೆ ಓಡಿ ಬಂದ ಬೆವರು. ಬೆರಳಿಗೆ ಜೀವ ಬಂದ ಮೇಲೆ ಪೆಟ್ಟಿಗೆಯ ಬಳಿ ಕೂರಿಸಿ, ಅವಳ ಹಾಲನ್ನೇ ಕೊಳವೆಗೆ ಸುರಿದು, ಆ ಕೊಳವೆಯನ್ನು ಅವಳ ಕೈಗೇ ಕೊಟ್ಟರು.

"ಇಷ್ಟೆತ್ತರಕ್ಕೆ ಹಿಡಿ. ಒತ್ತೋಕಿಲ್ಲ, ಅಲ್ಲಾಡಿಸೋಕಿಲ್ಲ. ಆಗ್ಲಿ, ಅದರ ಪಾಡಿಗೆ."

ಹಾಲು ಕದಲಿದಂತೆಯೇ ಕಾಣಲಿಲ್ಲ. ಅವಳಿಗೆ ಕೊಳವೆಯನ್ನು ತಟ್ಟಬೇಕೆನಿಸಿತು, ಇನ್ನಷ್ಟು ಮೇಲೆತ್ತಬೇಕೆನಿಸಿತು. ಪಕ್ಕದಲ್ಲಿ ನಿಂತವರ ಉಸಿರಿನ ಲಯ ಕೇಳಿಸಿಕೊಂಡು ಸುಮ್ಮನಿದ್ದಳು. ಮೆಲ್ಲಗೆ, ಸಂಜೆಯ ಬಿಸಿಲು ಗೋಡೆಯಿಂದ ಇಳಿಯುವಂತೆ, ಬಿಳಿಯ ಅಂಚು ಒಂದು ಗೆರೆ ಇಳಿಯಿತು, ಆಮೇಲೆ ಇನ್ನೊಂದು. ಕೈ ನೋಯತೊಡಗಿತು. ನೋಯಲಿ ಎಂದುಕೊಂಡಳು. ಕೆಳಗೆ ಗಾಜಿನ ಒಳಗೆ ಮಗು ತುಟಿಯನ್ನು ಚೀಪುವಂತೆ ಆಡಿಸಿತು, ಕೈಯನ್ನು ಬಿಚ್ಚಿ ಮಡಿಸಿತು, ಕೊನೆಗೆ ಅವಳಿಗೆ ಯಾವತ್ತೋ ಬಾಕಿ ಉಳಿದಿದ್ದ ಆಕಳಿಕೆಯನ್ನು ಪೂರ್ತಿಯಾಗಿ, ಯಾವ ಅವಸರವೂ ಇಲ್ಲದೆ ಕೊಟ್ಟಿತು. ಅವಳ ಬದುಕಿನಲ್ಲಿ ಅಷ್ಟು ಹೊತ್ತು ಒಂದೇ ಕಡೆ ನೋಡುತ್ತ ಅವಳು ಹಿಂದೆಂದೂ ಕೂತಿರಲಿಲ್ಲ, ಮತ್ತು ಅಷ್ಟು ಸುಖವಾಗಿ ಕೂತದ್ದೂ ಇಲ್ಲ.

"ಸಿಸ್ಟರ್, ದಿನಾ ಕಾಲಿಂದ ಯಾಕೆ ತೋರಿಸ್ತಿದ್ರಿ?" ಎಂದು ಮೆಲ್ಲಗೆ ಕೇಳಿದಳು.

"ಮುಖ ನೋಡಿಬಿಟ್ರೆ ನೀವ್ಯಾರೂ ಬೇರೇನೂ ನೋಡಲ್ಲ ತಾಯಿ. ಕಾಲಿನ ಬೆರಳು ಅಷ್ಟು ಚೆಂದ ಇದೆ, ಅದನ್ನ ಯಾರು ನೋಡ್ಬೇಕು?"

ಅವಳು ಅಂದು ಕೆಳಗಿಳಿಯುವುದರೊಳಗೆ ಟ್ಯಾಬನ್ನು ನೋಡಲು ಕರೆಸಿದ್ದ ಆಸ್ಪತ್ರೆಯ ತಂತ್ರಜ್ಞ ಚೀಲ ತಗುಲಿಸಿಕೊಂಡು ಬಂದ. ಬಾಗಿಲ ಬಳಿಗೇ ಟ್ಯಾಬನ್ನು ತಂದುಕೊಡಿ ಎಂದ. ನಿಧಾನಕ್ಕ ಕಪಾಟಿನಿಂದ ಅದನ್ನು ಹೊದಿಕೆಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಆತ ಫ್ಲಾನೆಲನ್ನು ಒಂದು ಸುತ್ತು ಬಿಚ್ಚಿದ, ಇನ್ನೊಂದು ಸುತ್ತು ಬಿಚ್ಚಿದ, ಟ್ಯಾಬನ್ನು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡ.

"ಇದಕ್ಕೆ ಹೊದಿಕೆ ಹೊದಿಸಿದ್ದು ಯಾರು?"

"ನಾನೇ" ಎಂದರು ನಿಧಾನಕ್ಕ, ಹೆಮ್ಮೆಯಿಂದಲೇ. "ಮೊದಲಿಂದ ಹೊದಿಸ್ತಿದ್ದೆ. ಸರಿಯಾಗಿ ಉಣ್ತಿಲ್ಲ ಅಂತ ನಿನ್ನೆ ಇನ್ನೊಂದು ಸುತ್ತು ಜಾಸ್ತಿ ಹಾಕಿದೆ."

"ಅಕ್ಕಾ, ದೊಡ್ಡ ಬ್ಯಾಟರಿ ಇದು, ತುಂಬೋಕೆ ಹೊತ್ತು ಹಿಡಿಯೋದು ನಿಜ. ಆದ್ರೆ ಬಿಸಿಯಾದಷ್ಟೂ ಇದು ಚಾರ್ಜ್ ತಗೊಳ್ಳೋದನ್ನ ಕಮ್ಮಿ ಮಾಡ್ಕೊಳ್ಳುತ್ತೆ. ತೀರಾ ಬಿಸಿಯಾದ್ರೆ ನಿಲ್ಲಿಸೇಬಿಡುತ್ತೆ. ನೀವು ಹೊದಿಸಿದಷ್ಟೂ ಅದು ಉಪವಾಸ."

"ಬೆಚ್ಚಗಿದ್ರೆ ತಾನೇ ಉಣ್ಣೋದು?"

"ಇದು ತಣ್ಣಗಿದ್ರೆ ಉಣ್ಣೋದು ಅಕ್ಕ."

ಆಮೇಲೆ ನಿಧಾನಕ್ಕ ನಗತೊಡಗಿದರು. ಅವರ ನಗುವೂ ಅವರಂತೆಯೇ. ಮೊದಲು ತುಟಿಯಂಚಿಗೆ ಬಂತು, ಹೊಟ್ಟೆಗೆ ಇಳಿಯಿತು, ಬಹಳ ಹೊತ್ತಿನ ಮೇಲೆ ಭುಜಕ್ಕೆ ಏರಿತು. ಮಕ್ಕಳು ಎದ್ದಾವೆಂದು ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಸದ್ದಿಲ್ಲದೆ ನಕ್ಕರು. "ಅಯ್ಯೋ ಪಾಪ, ಸೆಖೆಗೆ ಸಾಯಿಸ್ತಿದ್ದೆನಲ್ಲೇ ಅದನ್ನ" ಎಂದು ಟ್ಯಾಬಿನ ಬೆನ್ನು ಸವರಿದರು. ಕಿರಿಯ ದಾದಿ ನುಂಗಿಕೊಂಡಿದ್ದ ನಗುವನ್ನೆಲ್ಲ ಆಗ ಬಡ್ಡಿ ಸಮೇತ ಹೊರಹಾಕಿದಳು. ಬಾಣಂತಿಯೂ ಹೊಲಿಗೆ ಹಿಡಿದುಕೊಂಡು, ನೋವಾಗುತ್ತದೆ ನಗಿಸಬೇಡಿ ಎನ್ನುತ್ತಲೇ ನಕ್ಕಳು.

ಅಂದಿನಿಂದ ಟ್ಯಾಬನ್ನು ಕಲ್ಲಿನ ಕಟ್ಟೆಯ ಮೇಲೆ ಬರಿಮೈಯಲ್ಲಿ ಮಲಗಿಸುತ್ತಿದ್ದರು. ಮಿಂಚಿನ ವೇಗವೇನೂ ಅದಕ್ಕೆ ಬರಲಿಲ್ಲ. ಆದರೆ ಬೆಳಗ್ಗೆ ಇಟ್ಟರೆ ಸಂಜೆಗೆ ತುಂಬಿಕೊಳ್ಳುತ್ತಿತ್ತು, ತುಂಬಿದ್ದು ಕೊಟ್ಟ ಮಾತಿನಂತೆ ಬಾಳುತ್ತಿತ್ತು, ಎಲ್ಲ ತಾಯಂದಿರಿಗೂ ಎಲ್ಲ ಮಕ್ಕಳ ಮುಖವೂ ಸಿಗುತ್ತಿತ್ತು. ಅದರ ಪಕ್ಕ ಹಾದುಹೋಗುವಾಗ ನಿಧಾನಕ್ಕನ ಕೈ ಮಾತ್ರ ತಾನಾಗಿ ಹೊದಿಕೆಯತ್ತ ಹೋಗಿ, ನೆನಪಾಗಿ ಹಿಂದೆ ಬರುತ್ತಿತ್ತು. ಇನ್ನೊಂದು ಕಟ್ಟುನಿಟ್ಟೂ ಬಂತು. ಟ್ಯಾಬಿನ ಬಗ್ಗೆ ಇನ್ನು ಮೇಲೆ ಯಾರೂ 'ಉಣ್ಣುತ್ತಿದೆ' ಎನ್ನಬಾರದು, 'ತುಂಬುತ್ತಿದೆ' ಎನ್ನಬೇಕು. "ಕೆಳಗೆ ಒಬ್ಬಳು ಕಿವಿ ಕೊಟ್ಟು ಕೂತಿರ್ತಾಳೆ ಕಣ್ರೇ" ಎನ್ನುತ್ತಿದ್ದರು ಅವರು. ಆ ಪದವನ್ನು ತಂದವರೂ ಅವರೇ, ವಾಪಸು ತೆಗೆದುಕೊಂಡವರೂ ಅವರೇ. ಅದರಲ್ಲಿ ಅವರಿಗೆ ಮಾನಾಪಮಾನದ ಪ್ರಶ್ನೆಯೇ ಬರಲಿಲ್ಲ.

ಮಗು ನಳಿಕೆ ಬಿಟ್ಟಿತು, ಚೀಪಲು ಕಲಿಯಿತು, ಗಾಜಿನ ಪೆಟ್ಟಿಗೆಯಿಂದ ತಾಯಿಯ ಮಡಿಲಿಗೆ ಬಂತು. ಮನೆಗೆ ಹೊರಡುವ ದಿನ ಶೀಘ್ರಲಿಪಿಗಾರ್ತಿ ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡು, ಮಗುವನ್ನೆತ್ತಿಕೊಂಡು ಮೇಲಕ್ಕೆ ಬಂದಳು. ಗಾಜಿನಾಚೆ ನಿಧಾನಕ್ಕ ಹೊಸದೊಂದು ಕೂಸಿನ ಮುಂದೆ ಕೈಯೆತ್ತಿ ನಿಂತಿದ್ದರು. ಅವಳನ್ನು ಕಂಡರು, ಕಣ್ಣಲ್ಲೇ ನಕ್ಕರು, ಮತ್ತೆ ಕೊಳವೆಯತ್ತ ತಿರುಗಿದರು. ಕೆಳಗೆ ಆಟೋ ನಿಂತಿದೆಯೆಂದು ಗಂಡ ಎರಡು ಸಲ ಬಂದು ಹೇಳಿದ.

"ಒಳಗೊಂದು ಮಾತು ಹೇಳಿ ಕಳಿಸೋಣ ಬಾ. ನಿಂತ್ರೆ ತುಂಬ ಹೊತ್ತಾಗುತ್ತೆ."

"ಅದು ಉಣ್ತಿದೆ ಕಣ್ರೀ" ಎಂದಳು ಅವಳು. "ಆಗ್ಲಿ."

ಅವನು ಹೆಂಡತಿಯ ಮುಖವನ್ನು ಅಪರಿಚಿತರ ಮುಖ ನೋಡುವಂತೆ ನೋಡಿ, ಆಟೋದವನನ್ನು ಸಮಾಧಾನಪಡಿಸಲು ಇಳಿದುಹೋದ. ಅವಳು ಬಾಗಿಲಿಗೆ ಆತುಕೊಂಡು, ತೋಳಲ್ಲಿ ನಿದ್ರಿಸುವ ಮಗುವಿನೊಡನೆ, ಆ ಬೇರೆ ಯಾರದೋ ಮಗುವಿನ ಹಾಲು ಕೊನೆಯ ಗೆರೆಯವರೆಗೆ ಇಳಿಯುವುದನ್ನು ನೋಡುತ್ತ ನಿಂತಳು. ಜೋಡಿಸಿಕೊಂಡ ಮಾತುಗಳೆಲ್ಲ ಅಷ್ಟು ಹೊತ್ತಿಗೆ ಕರಗಿಹೋಗಿದ್ದವು. ನಿಧಾನಕ್ಕ ಹೊರಬಂದು ಜೇಬಿನಿಂದ ಕೈ ತೆಗೆದು ಮಗುವಿನ ಪಾದ ಮುಟ್ಟಿದಾಗ, ಅವಳಿಗೆ ಒಂದೇ ಒಂದು ಪದ ಬಾಯಿಗೆ ಬಂತು. "ಅಕ್ಕ" ಎಂದಳು. ಅವರಿಗೆ ಅಷ್ಟು ಸಾಕಾಯಿತು.

ಇಂಥವರು ಲೋಕದಲ್ಲಿ ಅಲ್ಲಲ್ಲಿ ಇರುತ್ತಾರೆ, ಸದ್ದು ಮಾಡದೆ ಇರುವುದರಿಂದ ಎಷ್ಟು ಜನವೆಂಬುದು ತಿಳಿಯುವುದಿಲ್ಲ. ಒಂದೇ ಕೆಲಸವನ್ನು ಆಯುಷ್ಯವಿಡೀ ಮಾಡಿ, ಆ ಕೆಲಸದ ಕಣ್ಣಿನಿಂದಲೇ ಉಳಿದದ್ದನ್ನೆಲ್ಲ ನೋಡುವವರು. ಆದ್ದರಿಂದ ಯಂತ್ರಕ್ಕೂ ಕಂಬಳಿ ಹೊದಿಸಿ ತಪ್ಪು ಮಾಡುವವರು, ತಪ್ಪೆಂದು ತಿಳಿದಾಗ ಮೊದಲು ತಾವೇ ನಗುವವರು. ಅವರ ತಪ್ಪು ಕೂಡ ಅಕ್ಕರೆಯದೇ ಒಂದು ಅತಿರೇಕ. ಅವರನ್ನು ಅವಸರಪಡಿಸಿ, ಬೈದು, ಅಡ್ಡಹೆಸರಿಟ್ಟು ಮುಂದೆ ಓಡುವ ನಾವೆಲ್ಲ ಒಂದಾನೊಂದು ದಿನ ಕೈಕಾಲು ಬಿಡಿಸಲೂ ಬಾರದೆ ಬಿದ್ದುಕೊಂಡಿದ್ದವರೇ, ಆಗ ನಮ್ಮ ತುಟಿಗೆ ಮೊದಲ ಗುಟುಕು ತಲುಪುವವರೆಗೆ ಯಾರೋ ಕೈ ಸೋತರೂ ಇಳಿಸದೆ ಕಾದಿದ್ದರು. ಆ ಕೈ ಯಾರದೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ.